ಮನೆಗೆ ಯಾವ ಕಮೋಡ್? ಶೋರೂಮಿಗೆ ಹೋಗುವ ಮೊದಲು ಅಳೆಯಬೇಕಾದ್ದು, ಕೇಳಬೇಕಾದ್ದು

ಟೈಲ್ಸ್ ಕೆಲಸ ಮುಗಿದ ಮೇಲೆ ಪ್ಲಂಬರ್ "ನಾಳೆ ಫಿಟ್ಟಿಂಗ್, ಕಮೋಡ್ ತಂದಿಡಿ" ಎನ್ನುತ್ತಾನೆ. ಮನೆಯವರು ಅದೇ ಸಂಜೆ ಅಂಗಡಿಗೆ ಹೋಗಿ ಕಣ್ಣಿಗೆ ಹಿಡಿಸಿದ್ದನ್ನು ತರುತ್ತಾರೆ. ಮರುದಿನ ಅದು ಸರಿಯಾಗಿ ಕೂರುವುದಿಲ್ಲ. ನೆಲದಲ್ಲಿರುವ ಪೈಪು ಗೋಡೆಯಿಂದ 12 ಇಂಚಿಗಿದೆ, ತಂದ ಕಮೋಡ್ 9 ಇಂಚಿನದು. ಆಗ ಹೊಸ ಟೈಲ್ಸ್ ಒಡೆಯಬೇಕು, ಇಲ್ಲವೇ ಕಮೋಡಿನ ಹಿಂದೆ 3 ಇಂಚು ಸಂದು ಬಿಟ್ಟು ವರ್ಷಗಟ್ಟಲೆ ಅಲ್ಲಿ ಕಸ ತೆಗೆಯಬೇಕು. ಕಮೋಡ್ ಆರಿಸುವ ಕೆಲಸ ಪೈಪ್‌ಲೈನ್ ಹಾಕುವ ಮೊದಲೇ ಆಗಬೇಕು. ಆರಿಸಬೇಕಾದ್ದು ಮಾಡೆಲ್ ನೋಡಿ ಅಲ್ಲ. ಮನೆಯವರ ಮಂಡಿ, ನೆಲದ ಪೈಪು, ತೊಟ್ಟಿಯ ನೀರು, ಹೊರಗಿನ ಗುಂಡಿ, ಈ ನಾಲ್ಕನ್ನು ನೋಡಿ. ಇವು ಗೊತ್ತಾದರೆ ಅಂಗಡಿಯಲ್ಲಿ ನಿಮಗೆ ಹೊಂದುವ ಪೀಸುಗಳು ಎರಡೋ ಮೂರೋ ಉಳಿಯುತ್ತವೆ.

ಯಾರು ಬಳಸುತ್ತಾರೆ

ಮನೆಯಲ್ಲಿ ಮಂಡಿನೋವಿನವರು, ಪಾರ್ಶ್ವವಾಯು ಆದವರು ಅಥವಾ ಮಂಡಿ ಚಿಪ್ಪಿನ ಆಪರೇಷನ್ ಆದವರು ಇದ್ದರೆ ಅವರ ಕೋಣೆಗೆ ವೆಸ್ಟರ್ನ್ ಕಮೋಡೇ ಬೇಕು. ಅದರ ಎತ್ತರ ಎಷ್ಟಿರಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳುವುದೇ ಇಲ್ಲ. ಸಾಮಾನ್ಯ ಕಮೋಡಿನ ಅಂಚು ನೆಲದಿಂದ ಸುಮಾರು 390ರಿಂದ 400 ಮಿ.ಮೀ. ಇರುತ್ತದೆ. ಸೀಟ್ ಸೇರಿದರೆ 415ರಿಂದ 430. ವಯಸ್ಸಾದವರು ಇಷ್ಟು ತಗ್ಗಿನಿಂದ ಏಳುವಾಗ ತೊಡೆಯ ಬಲ ಸಾಲದೆ ಪಕ್ಕದ ನಲ್ಲಿಯನ್ನೋ ಹೆಲ್ತ್ ಫಾಸೆಟ್ಟನ್ನೋ ಹಿಡಿದು ಎಳೆಯುತ್ತಾರೆ. ಅದು ಕಿತ್ತು ಬಂದರೆ ಬೀಳುವುದು ಖಂಡಿತ. ಅವರಿಗೆ ಸೀಟ್ ಸೇರಿ 450ರಿಂದ 480 ಮಿ.ಮೀ. ಎತ್ತರ ಒಳ್ಳೆಯದು.

ಅಳತೆ ತೆಗೆಯುವುದು ಸುಲಭ. ಅವರನ್ನು ಗಟ್ಟಿ ಕುರ್ಚಿಯಲ್ಲಿ ಪಾದ ಪೂರ್ತಿ ನೆಲಕ್ಕೂರುವಂತೆ ಕೂರಿಸಿ, ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ ಟೇಪು ಹಿಡಿಯಿರಿ. ಸೀಟಿನ ಎತ್ತರ ಅಷ್ಟಿರಲಿ, ಏಳಲು ಕಷ್ಟಪಡುವವರಿಗೆ ಒಂದೆರಡು ಇಂಚು ಹೆಚ್ಚಿದ್ದರೂ ಸರಿ. ಐದಡಿಗಿಂತ ಗಿಡ್ಡ ಇರುವ ಅಜ್ಜಿಗೆ "ಹಿರಿಯರಿಗಾಗಿಯೇ" ಎಂದು ಮಾರುವ ಎತ್ತರದ ಕಮೋಡ್ ಹಾಕಿಸಿದರೆ ಕಾಲು ತೂಗಾಡುತ್ತದೆ, ತೊಡೆ ಜೋಮು ಹಿಡಿಯುತ್ತದೆ, ಮುಕ್ಕಲೂ ಆಗುವುದಿಲ್ಲ. ಈಗಾಗಲೇ ಇರುವ ಕಮೋಡ್ ತಗ್ಗಾಯಿತು ಎಂದಾದರೆ ಬದಲಿಸಲೇಬೇಕೆಂದಿಲ್ಲ. ಮೇಲೆ ಕೂರಿಸಿ ಸ್ಕ್ರೂ ಬಿಗಿಯುವ ಎತ್ತರದ ಸೀಟು ವೈದ್ಯಕೀಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಹಿರಿಯರ ಬಾತ್‌ರೂಮಿನಲ್ಲಿ ಗೋಡೆಗೆ ಹಿಡಿಕೆ ಕಂಬಿ ಬೇಕು. ಅಡ್ಡ ಕಂಬಿ ಸೀಟಿನ ಮಟ್ಟಕ್ಕಿಂತ ಸುಮಾರು 200 ಮಿ.ಮೀ. ಮೇಲಿರಲಿ. ಗೋಡೆ ಟೊಳ್ಳು ಬ್ಲಾಕಿನದಾದರೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಬಿಗಿದ ಕಂಬಿ ಆಳಿನ ಭಾರ ತಡೆಯುವುದಿಲ್ಲ. ಕಂಬಿ ಬರುವ ಜಾಗವನ್ನು ಮೊದಲೇ ಗುರುತು ಹಾಕಿ, ಗಾರೆ ಕೆಲಸದ ಹಂತದಲ್ಲೇ ಆ ಬ್ಲಾಕುಗಳಿಗೆ ಕಾಂಕ್ರೀಟ್ ತುಂಬಿಸಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೇ ಅಡ್ಡವಾದರೆ ಬಾಗಿಲು ಮುರಿಯದೆ ಬೇರೆ ದಾರಿಯಿಲ್ಲ.

ಕುಕ್ಕುರುಗಾಲಿನಲ್ಲಿ ಕೂರುವುದೇ ರೂಢಿಯಾದವರಿಗೆ ಇಂಡಿಯನ್ ಪ್ಯಾನಿನಲ್ಲೇ ಹೊಟ್ಟೆ ಸಲೀಸಾಗಿ ಕಳೆಯುತ್ತದೆ. ವೆಸ್ಟರ್ನ್ ಮಾತ್ರ ಇರುವ ಮನೆಯಲ್ಲಿ 7ರಿಂದ 9 ಇಂಚಿನ ಕಾಲುಮಣೆ ಇಟ್ಟುಕೊಂಡರೆ ಮಂಡಿ ಮೇಲೆದ್ದು ಅದರ ಹತ್ತಿರದ ಭಂಗಿ ಬರುತ್ತದೆ. ಕಮೋಡಿನ ಅಂಚಿನ ಮೇಲೆ ಹತ್ತಿ ಕೂರುವುದು ಮಾತ್ರ ಬೇಡ. ಪಿಂಗಾಣಿ ಇದ್ದಕ್ಕಿದ್ದಂತೆ ಒಡೆಯುತ್ತದೆ, ಅದರ ಅಂಚು ಗಾಜಿನಂತೆ ಆಳವಾಗಿ ಸೀಳುತ್ತದೆ. ಊರಿಂದ ಬರುವ ನೆಂಟರಿಗೂ ಕೆಲಸದವರಿಗೂ ಇದನ್ನು ಹೇಳಿಡಿ.

ಎರಡು ಮೂರು ಬಾತ್‌ರೂಮ್ ಇರುವ ಮನೆಯಾದರೆ ಮಲಗುವ ಕೋಣೆಗಳಿಗೆ ವೆಸ್ಟರ್ನ್, ಹಾಲ್ ಕಡೆಯ ಅಥವಾ ಹಿತ್ತಿಲ ಬಾತ್‌ರೂಮಿಗೆ ಒಂದು ಇಂಡಿಯನ್ ಹಾಕಿಸುವುದೇ ನಮ್ಮ ಸಲಹೆ. ಒಂದೇ ಬಾತ್‌ರೂಮ್ ಇದ್ದರೆ ವೆಸ್ಟರ್ನ್ ಹಾಕಿಸಿ. ಇವತ್ತು ಮಂಡಿ ಗಟ್ಟಿಯಿದ್ದರೂ ಆ ಕಮೋಡ್ ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ.

ಎರಡೂ ಆಗಲಿ ಎಂದು ಆಂಗ್ಲೋ ಇಂಡಿಯನ್ ಕೇಳುವವರು ಇನ್ನೂ ಇದ್ದಾರೆ. ಅಗಲವಾದ ಅಂಚಿನ ಮೇಲೆ ಹೆಜ್ಜೆಯಿಡುವ ಗೆರೆಗಳಿರುವ ಕಮೋಡ್ ಅದು. ಒದ್ದೆ ಪಾದದಲ್ಲಿ ನೆಲದಿಂದ ಒಂದೂಕಾಲು ಅಡಿ ಮೇಲೆ ಹತ್ತಿ ಕೂರುವುದು ಯಾವ ವಯಸ್ಸಿಗೂ ಕ್ಷೇಮವಲ್ಲ. ಒಬ್ಬರು ಕಾಲಿಟ್ಟಲ್ಲಿ ಇನ್ನೊಬ್ಬರು ಕೂರಬೇಕು. ಗೆರೆಗಳ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ. ಅದನ್ನು ಬಿಟ್ಟುಬಿಡಿ.

ಇಂಡಿಯನ್ ಹಾಕಿಸುವುದಾದರೆ

ಒರಿಸ್ಸಾ ಪ್ಯಾನ್ ಎಂದು ಕೇಳಿ. ಹೆಜ್ಜೆಯಿಡುವ ಜಾಗ ಪ್ಯಾನಿನ ಜೊತೆಗೇ ಅಚ್ಚಾಗಿರುತ್ತದೆ, ಸುತ್ತ ಟೈಲ್ಸ್ ಕೂಡಿಸುವುದೂ ಸಲೀಸು. ಅಳತೆಯಲ್ಲಿ 20 ಇಂಚು, 23 ಇಂಚು ಎಂದು ಎರಡು ಹೆಚ್ಚು ಓಡುತ್ತವೆ. ದೊಡ್ಡವರು ಬಳಸುವಲ್ಲಿ 23 ಇಂಚಿನದೇ ಇರಲಿ. 20 ಇಂಚಿನಲ್ಲಿ ಎತ್ತರದ ಆಳಿಗೆ ಗುರಿ ತಪ್ಪಿ ಅಂಚು ಕೊಳೆಯಾಗುತ್ತದೆ.

ಪ್ಯಾನಿನ ಕೆಳಗೆ ಟ್ರ್ಯಾಪ್, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ತಿರುವು, ಬೇರೆಯಾಗಿ ಬರುತ್ತದೆ. ಅದು ಕೂರಲು ನೆಲದಡಿ 9ರಿಂದ 12 ಇಂಚು ಆಳ ಬೇಕು. ಮೇಲಂತಸ್ತಿನಲ್ಲಿ ಇಂಡಿಯನ್ ಹಾಕಿಸುವುದಿದ್ದರೆ ಸ್ಲ್ಯಾಬ್ ಹಾಕುವಾಗಲೇ ಆ ಭಾಗವನ್ನು ತಗ್ಗಿಸಿರಬೇಕು, ಅದೇ ಸಂಕನ್ ಸ್ಲ್ಯಾಬ್. ತಗ್ಗಿಸದ ಸ್ಲ್ಯಾಬಿನ ಮೇಲೆ ಇಂಡಿಯನ್ ಬೇಕೆಂದರೆ ಬಾತ್‌ರೂಮಿನ ನೆಲವನ್ನೇ ಮೆಟ್ಟಿಲಿನಂತೆ ಎತ್ತರಿಸಬೇಕಾಗುತ್ತದೆ.

ಸಂಕನ್ ಸ್ಲ್ಯಾಬಿನ ತೊಂದರೆ ಏನೆಂದರೆ, ಸೋರಿದ ನೀರು ಅದರೊಳಗೇ ಕೆರೆಯಂತೆ ನಿಂತು ಕೆಳಗಿನ ಮನೆಯ ಸೀಲಿಂಗಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅದಕ್ಕೇ ವಾಟರ್‌ಪ್ರೂಫಿಂಗ್ ಬಳಿದ ಮೇಲೆ ಆ ತಗ್ಗಿನಲ್ಲಿ ನೀರು ತುಂಬಿಸಿ ಎರಡು ದಿನವಾದರೂ ಬಿಡಿ. ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಕೆಳಗಿನಿಂದ ಸೀಲಿಂಗ್ ನೋಡಿ. ಪೈಪು ಗೋಡೆ ದಾಟುವ ಜಾಗವೇ ಹೆಚ್ಚು ಸೋರುವುದು. ಇದಾದ ಮೇಲಷ್ಟೇ ಇಟ್ಟಿಗೆ ಚೂರು, ಸಣ್ಣ ಕಾಂಕ್ರೀಟ್ ತುಂಬಿಸಲು ಬಿಡಿ. ಕಟ್ಟಡದ ಒಡಕಲು ಮಣ್ಣು ಸುರಿಯಲು ಕೆಲಸಗಾರರು ನೋಡುತ್ತಾರೆ, ಒಪ್ಪಬೇಡಿ. ಅದು ಕುಸಿದು ಪ್ಯಾನ್ ಮತ್ತು ಟ್ರ್ಯಾಪಿನ ಜಾಯಿಂಟು ಬಿಡುತ್ತದೆ.

ಪ್ಯಾನಿನ ಹಿಂತುದಿಗೂ ಹಿಂದಿನ ಗೋಡೆಗೂ ಕನಿಷ್ಠ 8 ಇಂಚು ಇರಲಿ. ಇಲ್ಲದಿದ್ದರೆ ಕೂತಾಗ ಬೆನ್ನು ಗೋಡೆಗೆ ತಾಗಿ ಮುಂದಕ್ಕೆ ಸರಿಯಬೇಕಾಗುತ್ತದೆ. ಸ್ನಾನವೂ ಅಲ್ಲೇ ಆಗುವುದಾದರೆ ನೆಲದ ಇಳಿಜಾರು ನಹಾನಿ ಟ್ರ್ಯಾಪಿನ (ಸ್ನಾನದ ನೀರು ಹೋಗುವ ನೆಲದ ಜಾಲರಿಯ) ಕಡೆಗಿರಲಿ, ಪ್ಯಾನಿನ ಕಡೆಗಲ್ಲ.

ಎಸ್ ಟ್ರ್ಯಾಪ್, ಪಿ ಟ್ರ್ಯಾಪ್

ವೆಸ್ಟರ್ನ್ ಕಮೋಡಿನಲ್ಲಿ ಟ್ರ್ಯಾಪ್ ಒಳಗೇ ಇರುತ್ತದೆ. ಆ ತಿರುವಿನಲ್ಲಿ ಸುಮಾರು 50 ಮಿ.ಮೀ. ಆಳದ ನೀರು ಯಾವಾಗಲೂ ನಿಂತಿರುತ್ತದೆ. ಪೈಪಿನ ದುರ್ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ. ಕೊಳೆ ಕೆಳಕ್ಕೆ, ನೆಲದ ಪೈಪಿಗೆ ಹೋದರೆ ಎಸ್ ಟ್ರ್ಯಾಪ್. ಹಿಂದಕ್ಕೆ, ಗೋಡೆಯ ಪೈಪಿಗೆ ಹೋದರೆ ಪಿ ಟ್ರ್ಯಾಪ್.

ಎಸ್ ಟ್ರ್ಯಾಪಿಗೆ ಬೇಕಾದ ಅಳತೆ ಗೋಡೆಯಿಂದ ಪೈಪಿನ ನಡುಮಧ್ಯದವರೆಗಿನ ದೂರ. ನಮ್ಮ ಮಾರುಕಟ್ಟೆಯಲ್ಲಿ 4, 9 ಮತ್ತು 12 ಇಂಚಿನವು ಸಿಗುತ್ತವೆ, ಅಂದರೆ ಸುಮಾರು 100, 225, 300 ಮಿ.ಮೀ. ಈ ದೂರವನ್ನು ಟೈಲ್ಸ್ ಹಾಕಿದ ಗೋಡೆಯಿಂದ ಅಳೆಯಬೇಕು. ತಪ್ಪಾಗುವುದು ಇಲ್ಲೇ. ಪ್ಲಂಬರ್ ಪೈಪ್ ಇಡುವಾಗ ಗೋಡೆ ಬರೀ ಇಟ್ಟಿಗೆಯದಾಗಿರುತ್ತದೆ. ಆಮೇಲೆ ಪ್ಲಾಸ್ಟರ್, ಟೈಲ್ಸ್ ಕೂರಿಸುವ ಗಾರೆ, ಟೈಲ್ಸ್ ಎಲ್ಲ ಸೇರಿ 30ರಿಂದ 40 ಮಿ.ಮೀ. ಮುಂದೆ ಬರುತ್ತದೆ. ಇಟ್ಟಿಗೆಯಿಂದ 9 ಇಂಚಿಗೆ ಇಟ್ಟ ಪೈಪು ಕೊನೆಗೆ ಏಳೂವರೆ ಇಂಚಿಗೆ ನಿಲ್ಲುತ್ತದೆ, ಕಮೋಡಿನ ಟ್ಯಾಂಕು ಗೋಡೆಗೆ ಒತ್ತುತ್ತದೆ. 9 ಇಂಚು ಬೇಕಿದ್ದರೆ ಬರಿ ಇಟ್ಟಿಗೆಯಿಂದ ಹತ್ತೂವರೆ ಇಂಚಿಗೆ ಪೈಪ್ ಇಡಿಸಿ. ಅರ್ಧ ಇಂಚು ಹೆಚ್ಚಾದರೆ ನಡೆಯುತ್ತದೆ, ಕಡಿಮೆಯಾದರೆ ನಡೆಯುವುದಿಲ್ಲ.

ಪಿ ಟ್ರ್ಯಾಪಿಗೆ ಬೇಕಾದದ್ದು ಎತ್ತರ. ಟೈಲ್ಸ್ ಹಾಕಿದ ನೆಲದಿಂದ ಗೋಡೆಯ ಪೈಪಿನ ನಡುಮಧ್ಯಕ್ಕೆ ಸಾಮಾನ್ಯವಾಗಿ 180ರಿಂದ 185 ಮಿ.ಮೀ. ಮೇಲಂತಸ್ತುಗಳಿಗೆ, ಫ್ಲ್ಯಾಟುಗಳಿಗೆ ನಾವು ಪಿ ಟ್ರ್ಯಾಪನ್ನೇ ಮೇಲೆಂದು ಹೇಳುತ್ತೇವೆ. ಪೈಪು ನೇರ ಹೊರಗೋಡೆ ದಾಟಿ ಡಕ್ಟಿಗೆ, ಅಂದರೆ ಪೈಪುಗಳಿಗೆಂದೇ ಬಿಟ್ಟ ಕಿರಿದಾದ ತೆರವಿಗೆ, ಇಳಿಯುತ್ತದೆ, ಸ್ಲ್ಯಾಬ್ ತೂತು ಮಾಡುವ ಪ್ರಮೇಯವಿಲ್ಲ. ಮುಂದೆ ಸೋರಿದರೂ ಹೊರಗೇ ಕಾಣುತ್ತದೆ, ಕೆಳಮನೆಯವರ ಜೊತೆ ಜಗಳವಿಲ್ಲ. ಕಮೋಡ್ ಇರುವ ಗೋಡೆಯ ಹಿಂದೆ ಡಕ್ಟ್ ಇಲ್ಲದೆ ಮಲಗುವ ಕೋಣೆಯೋ ಅಡುಗೆಮನೆಯೋ ಇದ್ದರೆ ಮಾತ್ರ ಎಸ್ ಟ್ರ್ಯಾಪ್ ಅನಿವಾರ್ಯ. ವಾಸ್ತು ನೋಡುವವರು ಕಮೋಡಿನ ದಿಕ್ಕನ್ನು ನಕ್ಷೆಯ ಹಂತದಲ್ಲೇ ತೀರ್ಮಾನಿಸಿಬಿಡಿ. ಡಕ್ಟ್ ಕಟ್ಟಿದ ಮೇಲೆ ಕಮೋಡನ್ನು ಎದುರು ಗೋಡೆಗೆ ಸರಿಸಿದರೆ ನೆಲದಡಿ ಉದ್ದ ಪೈಪು ಓಡಬೇಕು, ಅದಕ್ಕೆ ತಕ್ಕ ಇಳಿಜಾರು ಸಿಗುವುದಿಲ್ಲ.

ಇಳಿಜಾರಿನ ಲೆಕ್ಕ: 4 ಇಂಚಿನ ಪೈಪಿಗೆ ಪ್ರತಿ 10 ಅಡಿ ಉದ್ದಕ್ಕೆ 2ರಿಂದ 3 ಇಂಚು ಇಳಿತ. ಇದಕ್ಕಿಂತ ಕಡಿಮೆಯಾದರೆ ಗಟ್ಟಿ ಪದಾರ್ಥ ನಡುವೆ ಕೂರುತ್ತದೆ. ಮುಖ್ಯ ಪೈಪು ತಾರಸಿಯಿಂದ ಮೇಲೆದ್ದು ತುದಿಗೆ ಜಾಲರಿ ಟೋಪಿ ಇರಬೇಕು. ಗಾಳಿಗೆ ದಾರಿಯಿಲ್ಲದ ಪೈಪಿನಲ್ಲಿ ಒಬ್ಬರು ಮೇಲೆ ಫ್ಲಶ್ ಮಾಡಿದರೆ ಕೆಳಗಿನ ಕಮೋಡಿನ ನೀರು ಗುಳುಗುಳು ಎಂದು ಎಳೆದುಹೋಗುತ್ತದೆ, ಹಿಂದೆಯೇ ವಾಸನೆ ಬರುತ್ತದೆ.

ಇನ್ನು ಜಾಗದ ಅಳತೆ. ಕಮೋಡಿನ ಮಧ್ಯರೇಖೆಯಿಂದ ಎರಡೂ ಪಕ್ಕಕ್ಕೆ ಕನಿಷ್ಠ 15 ಇಂಚು, ದಪ್ಪ ಆಳುಗಳಿಗೆ 18. ಮುಂದೆ ಮಂಡಿಗೆ 24 ಇಂಚು ಖಾಲಿ. ಶೌಚಕ್ಕಷ್ಟೇ ಆದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಗಲ 0.9 ಮೀಟರ್, ಸ್ನಾನವೂ ಸೇರಿದ್ದರೆ 1.2 ಮೀಟರ್. ಅಂಗಡಿಗೆ ಹೋಗುವ ಮುಂಚೆ ಕಮೋಡಿನ ಉದ್ದವನ್ನು, ಸಾಮಾನ್ಯವಾಗಿ 650ರಿಂದ 720 ಮಿ.ಮೀ., ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಬಾಗಿಲು ತೆರೆದು ನೋಡಿ.

ಹಳೆಯ ಇಂಡಿಯನ್ ಕಿತ್ತು ವೆಸ್ಟರ್ನ್ ಹಾಕಿಸುವಾಗ

ಅಪ್ಪ ಅಮ್ಮನಿಗೆ ವಯಸ್ಸಾಯಿತೆಂದು ಹೆಚ್ಚಿನ ಮನೆಗಳಲ್ಲಿ ಆಗುವ ಕೆಲಸ ಇದು. ಹೆಚ್ಚು ಕೆಡುವ ಕೆಲಸವೂ ಇದೇ. ಪ್ಯಾನ್ ತೆಗೆದು, ಅದರಡಿಯ ಟ್ರ್ಯಾಪ್ ಹಾಗೆಯೇ ಬಿಟ್ಟು, ಅದರ ಬಾಯಿಗೆ ಕಮೋಡ್ ಕೂರಿಸಿಬಿಡುತ್ತಾರೆ, ಒಂದು ದಿನದ ಕೆಲಸ ಉಳಿಯಿತೆಂದು. ಕಮೋಡಿಗೆ ತನ್ನದೇ ಟ್ರ್ಯಾಪ್ ಇರುವುದರಿಂದ ಈಗ ಒಂದರ ಕೆಳಗೆ ಇನ್ನೊಂದು, ಎರಡು ಟ್ರ್ಯಾಪ್ ಆದವು. ನಡುವೆ ಸಿಕ್ಕಿಬಿದ್ದ ಗಾಳಿ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಫ್ಲಶ್ ಮಾಡಿದರೆ ನೀರು ಅಂಚಿನವರೆಗೆ ಏರಿ ನಿಧಾನ ಇಳಿಯುತ್ತದೆ, ಗಟ್ಟಿ ಪದಾರ್ಥ ಉಳಿದುಬಿಡುತ್ತದೆ. ಹೊಸ ಕಮೋಡ್ ಸರಿಯಿಲ್ಲವೆಂದು ಜನ ಅಂಗಡಿಯವನನ್ನು ಬೈಯುತ್ತಾರೆ. ಹಳೆಯ ಟ್ರ್ಯಾಪನ್ನು ಪೂರ್ತಿ ತೆಗೆಸಿ, ಆ ಜಾಗಕ್ಕೆ ಬರೀ ಬೆಂಡ್ ಹಾಕಿಸಿ. ಕೆಲಸ ಒಪ್ಪಿಸುವಾಗಲೇ ಈ ಮಾತು ಆಡಿಕೊಳ್ಳಿ, ಟ್ರ್ಯಾಪ್ ತೆಗೆದದ್ದನ್ನು ಕಣ್ಣಾರೆ ನೋಡಿ ಆಮೇಲೆ ನೆಲ ಮುಚ್ಚಿಸಿ.

ಇಂಡಿಯನ್ ಪ್ಯಾನಿನ ಪೈಪು ಗೋಡೆಯಿಂದ ಸಾಮಾನ್ಯವಾಗಿ ದೂರ ಇರುತ್ತದೆ. ಅಷ್ಟು ದೂರಕ್ಕೇ ಕಮೋಡ್ ಕೂರಿಸಿದರೆ ಹಿಂದೆ ದೊಡ್ಡ ಸಂದು, ಮುಂದೆ ಮಂಡಿಗೆ ಜಾಗವಿಲ್ಲ. ನೆಲ ಹೇಗೂ ಒಡೆದಿರುವಾಗಲೇ ಪೈಪನ್ನು ಗೋಡೆಯ ಕಡೆಗೆ ಸರಿಸಿಕೊಳ್ಳಿ.

ಒನ್ ಪೀಸ್, ಟೂ ಪೀಸ್, ಗೋಡೆಗೆ ತೂಗುವುದು

ಟ್ಯಾಂಕು ಕಮೋಡ್ ಒಂದೇ ಪಿಂಗಾಣಿಯಾಗಿರುವುದು ಒನ್ ಪೀಸ್. ಸಂದಿಲ್ಲ, ಒರೆಸುವುದು ಸುಲಭ. ಆದರೆ ಭಾರ ಹೆಚ್ಚು. ಟ್ಯಾಂಕಿನಲ್ಲಿ ಬಿರುಕು ಬಂದರೆ ಇಡೀ ಪೀಸೇ ಹೋಯಿತು. ಟೂ ಪೀಸಿನಲ್ಲಿ ಟ್ಯಾಂಕು ಬೇರೆ, ನಡುವಿನ ರಬ್ಬರ್ ವಾಷರ್ ಕೆಲ ವರ್ಷಗಳ ಮೇಲೆ ಗಟ್ಟಿಯಾಗಿ ಸೋರುತ್ತದೆ, ಬದಲಿಸಿದರೆ ಸರಿಹೋಗುತ್ತದೆ. ಗೋಡೆಗೆ ಪ್ಲಾಸ್ಟಿಕ್ ಫ್ಲಶ್ ಟ್ಯಾಂಕ್ ತೂಗುಹಾಕಿ, ಕೆಳಗೆ ಬರೀ ಕಮೋಡ್ ಇಡುವ ಹಳೆಯ ಕ್ರಮ ನೋಡಲು ಅಷ್ಟು ಚೆಂದವಲ್ಲ. ಆದರೆ ತಾಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ಅದರ ಪ್ರತಿಯೊಂದು ಭಾಗ ಸಿಗುತ್ತದೆ. ಬಾಡಿಗೆಗೆ ಕೊಡುವ ಮನೆಗೆ ಇದಕ್ಕಿಂತ ಒಳ್ಳೆಯದಿಲ್ಲ.

ವಾಲ್ ಹಂಗ್ ಕಮೋಡಿನ ಕೆಳಗೆ ನೆಲ ಪೂರ್ತಿ ಖಾಲಿ, ಒರೆಸಲು ಅನುಕೂಲ, ಎತ್ತರವನ್ನೂ ಬೇಕಾದಂತೆ ಇಡಬಹುದು. ಅದರ ಭಾರ ಹೊರುವುದು ಗೋಡೆಯೊಳಗಿನ ಕಬ್ಬಿಣದ ಫ್ರೇಮು. ಒಳ್ಳೆಯ ಫ್ರೇಮುಗಳನ್ನು 400 ಕೆ.ಜಿ. ಭಾರಕ್ಕೆ ಪರೀಕ್ಷಿಸಿರುತ್ತಾರೆ. ಆ ಬಲ ಸಿಗುವುದು ಫ್ರೇಮಿನ ಕಾಲು ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಆದಾಗ ಮಾತ್ರ. ನಾಲ್ಕೂವರೆ ಇಂಚಿನ ಗೋಡೆಗೆ ಎರಡು ರಾಡ್ ತೂರಿಸಿ ಕಮೋಡ್ ತೂಗುಹಾಕಿದರೆ ಗೋಡೆ ಮಿಸುಕಿ ಮೊದಲು ಟೈಲ್ಸ್ ಬಿರುಕು ಬಿಡುತ್ತದೆ. ಕಮೋಡ್ ಹಿಡಿಯುವ ಎರಡು ಬೋಲ್ಟುಗಳ ನಡುವಿನ ಅಂತರ ಸಾಮಾನ್ಯವಾಗಿ 180 ಮಿ.ಮೀ., ಕೆಲವಕ್ಕೆ 230. ಫ್ರೇಮ್ ಒಂದು ಕಂಪನಿ, ಕಮೋಡ್ ಇನ್ನೊಂದು ಕಂಪನಿ ತರುವಾಗ ಇದನ್ನು ಹೊಂದಿಸಿ ನೋಡಿ.

ಗೋಡೆಯೊಳಗಿನ ಟ್ಯಾಂಕನ್ನು ಮುಚ್ಚುವ ಮುನ್ನ ನೀರು ತುಂಬಿಸಿ 24 ಗಂಟೆ ಬಿಡಿ. ಮುಚ್ಚಿದ ಮೇಲೆ ರಿಪೇರಿಗೆ ದಾರಿ ಫ್ಲಶ್ ಬಟನ್ ಪ್ಲೇಟಿನ ಕಿಂಡಿ ಒಂದೇ. ಆ ಕಂಪನಿಯ ಸರ್ವೀಸ್ ಮತ್ತು ಬಿಡಿಭಾಗ ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನು ಅಂಗಡಿಯವನ ಬದಲು ಸ್ಥಳೀಯ ಪ್ಲಂಬರನ್ನು ಕೇಳಿ. ಬೆಂಗಳೂರಿನಲ್ಲಿ ಒಂದು ಫೋನಿಗೆ ಬರುವ ಸರ್ವೀಸ್ ಸಣ್ಣ ಊರಿಗೆ ವಾರವಾದರೂ ಬರದಿರಬಹುದು.

ಫ್ಲಶ್ಶಿಗೆ ಎಷ್ಟು ನೀರು

ಹಳೆಯ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ಬಿಡುತ್ತಿತ್ತು. ಈಗಿನ ಎರಡು ಬಟನಿನವು ಸಣ್ಣದಕ್ಕೆ 3, ದೊಡ್ಡದಕ್ಕೆ 6 ಲೀಟರ್. ಇನ್ನೂ ಕಡಿಮೆಯ 2 ಮತ್ತು 4 ಲೀಟರಿನವೂ ಇವೆ. ಐದು ಜನರ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಒಂದು ದೊಡ್ಡ, ನಾಲ್ಕು ಸಣ್ಣ ಫ್ಲಶ್ ಮಾಡಿದರೆ ಹೊಸದರಲ್ಲಿ 90 ಲೀಟರ್, ಹಳೆಯದರಲ್ಲಿ 250 ಲೀಟರ್. ಟ್ಯಾಂಕರ್ ತರಿಸುವ ಬಡಾವಣೆಯಲ್ಲಿ ಆ 160 ಲೀಟರ್ ಸಣ್ಣ ಮಾತಲ್ಲ.

ಹಾಗೆಂದು ಹಳೆಯ ಕಮೋಡಿಗೆ ಹೊಸ 6 ಲೀಟರ್ ಟ್ಯಾಂಕ್ ಜೋಡಿಸಬೇಡಿ. ಟ್ಯಾಂಕಿನೊಳಗೆ ಬಾಟಲಿ ಇಟ್ಟು ನೀರು ಉಳಿಸುವ ಉಪಾಯವೂ ಬೇಡ. 10 ಲೀಟರಿಗೆಂದು ಮಾಡಿದ ಬೋಗುಣಿ 6ರಲ್ಲಿ ತೊಳೆದುಹೋಗುವುದಿಲ್ಲ, ಎರಡು ಸಲ ಫ್ಲಶ್ ಮಾಡಿದರೆ 12 ಆಯಿತು.

ಕೆಲಸದ ರೀತಿಯಲ್ಲೂ ಎರಡು ಬಗೆ. ನೀರಿನ ರಭಸದಿಂದ ತಳ್ಳುವುದು ವಾಷ್‌ಡೌನ್. ತಿರುವು ಪೈಪಿನಲ್ಲಿ ನೀರು ತುಂಬಿ ಹೀರಿ ಎಳೆಯುವುದು ಸೈಫಾನಿಕ್. ಸೈಫಾನಿಕ್ ಸದ್ದು ಕಡಿಮೆ, ನೀರಿನ ಮೇಲ್ಮೈ ದೊಡ್ಡದಿರುವುದರಿಂದ ಬೋಗುಣಿ ಚೊಕ್ಕಟ ಉಳಿಯುತ್ತದೆ. ಆದರೆ ಅದರ ದಾರಿ ಕಿರಿದು. ಟಿಶ್ಯೂ, ಒದ್ದೆ ವೈಪ್, ಪ್ಯಾಡ್ ಯಾರಾದರೂ ಹಾಕಿದರೆ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ನೀರಿಲ್ಲದ ದಿನ ಬಕೆಟ್ಟಿನಿಂದ ಸುರಿದರೂ ವಾಷ್‌ಡೌನ್ ಸಲೀಸಾಗಿ ಹೋಗುತ್ತದೆ. ಕರೆಂಟು, ನೀರು ಎರಡೂ ಕೈಕೊಡುವ ಊರುಗಳಿಗೆ ವಾಷ್‌ಡೌನೇ ಸರಿ.

ಟ್ಯಾಂಕಿಲ್ಲದೆ ಗೋಡೆಯೊಳಗಿನ ಫ್ಲಶ್ ವಾಲ್ವ್ ಹಾಕಿಸುವವರು ಒತ್ತಡದ ಲೆಕ್ಕ ನೋಡಿಕೊಳ್ಳಿ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ತಾರಸಿಯ ಸಿಂಟೆಕ್ಸ್ ಟ್ಯಾಂಕಿನಿಂದ ಅದರ ಕೆಳಗಿನ ಬಾತ್‌ರೂಮಿನ ವಾಲ್ವಿಗೆ ಸಿಗುವುದು ನಾಲ್ಕು ಮೀಟರ್, ಅಂದರೆ 0.4 ಬಾರ್. ಹಲವು ವಾಲ್ವುಗಳು ಕೇಳುವುದು 0.5ರಿಂದ 1 ಬಾರ್. ಒಂದಂತಸ್ತಿನ ಮನೆಗೆ, ಎತ್ತರದ ಮನೆಯ ಕೊನೆಯ ಅಂತಸ್ತಿಗೆ ಇದು ಬೇಡ. ಕೆಳಗಿನ ಅಂತಸ್ತುಗಳಿಗೆ ಹಾಕಿಸುವುದಾದರೂ ತೊಟ್ಟಿಯಿಂದ ಪ್ರತ್ಯೇಕ ದಪ್ಪ ಪೈಪು, 32 ಅಥವಾ 40 ಮಿ.ಮೀ., ಇಳಿಸಿ. ಇಲ್ಲದಿದ್ದರೆ ಒಬ್ಬರು ಫ್ಲಶ್ ಒತ್ತಿದಾಗ ಇನ್ನೊಬ್ಬರ ಶವರ್ ಬತ್ತುತ್ತದೆ.

ಬೋರ್ ನೀರಿನ ಮನೆಗಳು

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ, ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಬೋಗುಣಿಯ ಒಳ ಅಂಚಿನ ತೂತುಗಳಲ್ಲಿ ಸುಣ್ಣ ಕಟ್ಟಿ ಫ್ಲಶ್ ನೀರು ಒಂದೇ ಕಡೆ ಹರಿಯತೊಡಗುತ್ತದೆ. ಅಂಥಲ್ಲಿ ರಿಮ್‌ಲೆಸ್ ಕಮೋಡ್ ತನ್ನಿ. ಒಳ ಅಂಚಿನ ಮಡಿಕೆಯೇ ಇಲ್ಲದ್ದರಿಂದ ಬ್ರಷ್ ಎಲ್ಲ ಕಡೆ ಮುಟ್ಟುತ್ತದೆ. ಬಣ್ಣ ಬಿಳಿಯೇ ಇರಲಿ. ಕಪ್ಪು, ಕಂದು ಕಮೋಡಿನ ಮೇಲೆ ಸುಣ್ಣದ ಕಲೆ ಮೂರು ತಿಂಗಳಿಗೇ ಎದ್ದು ಕಾಣುತ್ತದೆ, ಮುಂದೆ ಸೀಟು ಮುರಿದರೆ ಅದೇ ಬಣ್ಣ ಸಿಗುವುದೂ ಕಷ್ಟ.

ಕಲೆಗೆ ಆಸಿಡ್ ಸುರಿಯುವ ರೂಢಿ ನಮ್ಮಲ್ಲಿ ಬಹಳ. ಅದು ನಲ್ಲಿಗಳ ಹೊಳಪು, ಟೈಲ್ಸ್ ಸಂದಿನ ಗಾರೆ ಎರಡನ್ನೂ ತಿನ್ನುತ್ತದೆ, ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸಿಟ್ರಿಕ್ ಆಸಿಡ್ ಅಂದರೆ ನಿಂಬೆ ಉಪ್ಪಿನ ಪುಡಿ ಬಿಸಿನೀರಿನಲ್ಲಿ ಕದಡಿ ರಾತ್ರಿ ಹಾಕಿಟ್ಟು ಬೆಳಿಗ್ಗೆ ಉಜ್ಜಿದರೆ ಸುಣ್ಣ ಬಿಡುತ್ತದೆ. ಆಸಿಡ್ ಇರುವ ಯಾವ ಕ್ಲೀನರನ್ನೂ ಬ್ಲೀಚಿನ ಜೊತೆ ಬೆರೆಸಲೇಬೇಡಿ. ಕ್ಲೋರಿನ್ ಅನಿಲ ಎದ್ದು, ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಉಸಿರುಗಟ್ಟುತ್ತದೆ.

ಕೊಳೆನೀರು ಎಲ್ಲಿಗೆ ಹೋಗುತ್ತದೆ

ಯುಜಿಡಿ (ನೆಲದಡಿಯ ಒಳಚರಂಡಿ) ಇರುವ ಪಟ್ಟಣದಲ್ಲಿ ಇದು ಪ್ರಶ್ನೆಯೇ ಅಲ್ಲ. ಹಳ್ಳಿಯ ಮನೆಗಳಲ್ಲಿ ಇದೇ ಮೊದಲ ಪ್ರಶ್ನೆ. ಎರಡು ಇಂಗುಗುಂಡಿಯ ಶೌಚಾಲಯವನ್ನು ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನಿಗೆ ಲೆಕ್ಕಹಾಕಿ ರೂಪಿಸಿದ್ದಾರೆ. ಆ ಪ್ಯಾನಿನ ಟ್ರ್ಯಾಪಿನಲ್ಲಿ 20 ಮಿ.ಮೀ. ನೀರಷ್ಟೇ ನಿಲ್ಲುತ್ತದೆ, ತೊಳೆಯಲು ಒಂದೂವರೆಯಿಂದ ಎರಡು ಲೀಟರ್ ಸಾಕು. ಅದೇ ಗುಂಡಿಗೆ 6 ಲೀಟರಿನ ಕಮೋಡ್ ಜೋಡಿಸಿದರೆ ಮೂರು ಪಟ್ಟು ನೀರು ಇಂಗಬೇಕು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಅಷ್ಟು ನೀರು ಇಂಗದೆ ಗುಂಡಿ ಸದಾ ತುಂಬಿರುತ್ತದೆ. ಕರಾವಳಿಯಲ್ಲಿ ಮಳೆಗಾಲ ಅಂತರ್ಜಲವೇ ಮೇಲೆದ್ದು ಗುಂಡಿಯೊಳಗೆ ಬರುತ್ತದೆ, ಆ ಕೊಳೆ ಬಾವಿಗೂ ಸೇರುತ್ತದೆ. ಇಂಥ ಜಾಗಗಳಲ್ಲಿ ಗ್ರಾಮೀಣ ಪ್ಯಾನನ್ನೇ ಉಳಿಸಿಕೊಂಡು ಹಿರಿಯರಿಗೆ ಅದರ ಮೇಲಿಡುವ ಕಮೋಡ್ ಕುರ್ಚಿ ಕೊಡಿಸಿ. ವೆಸ್ಟರ್ನೇ ಬೇಕೆಂದರೆ ಮೊದಲು ಸರಿಯಾದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ.

ಅಂಗಡಿಯಲ್ಲಿ

ಪಿಂಗಾಣಿಯ ಮೇಲೆ ಐಎಸ್ 2556 (ಭಾರತೀಯ ಮಾನಕ) ಗುರುತು ನೋಡಿ. ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ: ಗಣ್ಣೆಂದರೆ ಸರಿ, ಎಲ್ಲಾದರೂ ಮಂಕು ಸದ್ದು ಬಂದರೆ ಅಲ್ಲಿ ಕೂದಲೆಳೆಯ ಬಿರುಕಿದೆ. ಸಮತಟ್ಟು ನೆಲದ ಮೇಲಿಟ್ಟು ಮೂಲೆಗಳನ್ನು ಒತ್ತಿ, ಅಲ್ಲಾಡಿದರೆ ತಳ ಸೊಟ್ಟಗಿದೆ, ಬೇರೆ ಪೀಸು ತೆಗೆಸಿ. ಹಿಂದಿನ ಬಾಯಿಯೊಳಗೆ ಬೆರಳಾಡಿಸಿ. ಒಳಗೂ ಗ್ಲೇಸ್ ನುಣುಪಾಗಿದ್ದರೆ ಕಟ್ಟುವುದು ಕಡಿಮೆ. ಸೀಟಿನಲ್ಲಿ ಯೂರಿಯಾ ಫಾರ್ಮಾಲ್ಡಿಹೈಡಿನದು ಗಟ್ಟಿ, ಗೀರು ಬೀಳುವುದು ಕಡಿಮೆ. ಪಿಪಿ ಪ್ಲಾಸ್ಟಿಕ್ ಅಗ್ಗ, ಮಣಿಯುತ್ತದೆ. ತಿರುವುಮುರುವು ಆಕಾರದ ಕಮೋಡಿಗೆ ಅದೇ ಕಂಪನಿಯ ಸೀಟೇ ಬೇಕಾಗುತ್ತದೆ, ಆದ್ದರಿಂದ ದುಂಡು ಅಥವಾ ಇಂಗ್ಲಿಷ್ ಡಿ ಆಕಾರದ ಬೋಗುಣಿ ಒಳ್ಳೆಯದು.

ಕೂರಿಸುವ ದಿನ

ಗಾರೆ, ಬಿಳಿ ಸಿಮೆಂಟಿನಲ್ಲಿ ತಳವನ್ನು ಹೂತುಬಿಡುವುದನ್ನು ಒಪ್ಪಬೇಡಿ. ಮುಂದೆ ಕಮೋಡ್ ಎತ್ತಬೇಕಾದರೆ ಒಡೆಯದೆ ಬಾರದು. ಡ್ರಿಲ್ ಮಾಡಿ ಬೋಲ್ಟ್ ಹಾಕಿಸಿ, ನಟ್ಟಿನಡಿ ಪ್ಲಾಸ್ಟಿಕ್ ವಾಷರ್ ಇರಲಿ. ನಟ್ಟನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದೇ ಕಡೆ ಎಳೆದರೆ ಕಮೋಡಿನ ತಳದಲ್ಲಿ ಬೋಲ್ಟ್ ಕೂರುವ ಕಿವಿ ಸೀಳುತ್ತದೆ. ಪೈಪು ಕಮೋಡ್ ಕೂಡುವಲ್ಲಿ ರಬ್ಬರ್ ಅಂಚಿನ ಕನೆಕ್ಟರ್ ಹಾಕಿಸಿ. ತಳದ ಸುತ್ತ ಸಿಲಿಕೋನ್ ಬಳಿಸಿ, ಹಿಂಬದಿಯಲ್ಲಿ ಎರಡು ಇಂಚು ಬಿಡಿ. ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಬಂದು ತಿಳಿಸುತ್ತದೆ. ಸಿಲಿಕೋನ್ ಒಣಗಲು 24 ಗಂಟೆ ಯಾರೂ ಕೂರುವುದು ಬೇಡ.

ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ, ನಿಲ್ಲಿಸುವ ಗೋಡೆಯ ಸಣ್ಣ ನಲ್ಲಿ) ಕಮೋಡಿನ ಮಧ್ಯರೇಖೆಯಿಂದ 10–12 ಇಂಚು ಪಕ್ಕಕ್ಕಿರಲಿ, ಒನ್ ಪೀಸಿನ ಹಿಂದೆ ಅಡಗಿದರೆ ಕೈ ಹೋಗುವುದಿಲ್ಲ. ಹೆಲ್ತ್ ಫಾಸೆಟ್ ಕೂತವರ ಬಲಗೈಗೆ, ಹಿಂದಕ್ಕೆ ತಿರುಗದೆ ಎಟುಕುವಂತಿರಲಿ, ಅದಕ್ಕೆ ಬೇರೆಯದೇ ಕಾಕ್ ಇರಲಿ. ಬಾಗಿಲು ಹಾಕಿ ಊರಿಗೆ ಹೋಗುವಾಗ ಆ ಕಾಕ್ ಮುಚ್ಚಿ, ಒತ್ತಡದಲ್ಲಿ ಬಿಟ್ಟ ಹೋಸ್ ಒಡೆದರೆ ತೊಟ್ಟಿ ಖಾಲಿಯಾಗಿ ಮನೆ ತುಂಬ ನೀರಾಗುತ್ತದೆ.

ಪ್ಲಂಬರಿಗೆ ಹಣ ಕೊಡುವ ಮುನ್ನ ಎರಡು ಪರೀಕ್ಷೆ. ಏಳೆಂಟು ಟಿಶ್ಯೂ ಹಾಳೆ ಸಡಿಲವಾಗಿ ಉಂಡೆ ಮಾಡಿ ಹಾಕಿ ಪೂರ್ತಿ ಫ್ಲಶ್ ಒತ್ತಿ, ಒಂದೇ ಸಲಕ್ಕೆ ಹೋಗಬೇಕು, ನೀರು ಮತ್ತೆ ಮೊದಲಿನ ಮಟ್ಟಕ್ಕೆ ನಿಲ್ಲಬೇಕು. ಆಮೇಲೆ ಟ್ಯಾಂಕಿಗೆ ಅಡುಗೆಯ ಕೆಂಪು ಬಣ್ಣ ಚಿಟಿಕೆ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬೋಗುಣಿಯ ನೀರಿಗೆ ಬಣ್ಣ ಇಳಿದರೆ ಟ್ಯಾಂಕಿನ ತಳದ ವಾಷರ್ ಸರಿ ಕೂತಿಲ್ಲ, ಅಲ್ಲೇ ಬಿಚ್ಚಿಸಿ ಕೂರಿಸಿ. ಗಡಸು ನೀರಿನ ಮನೆಯಲ್ಲಿ ಈ ಬಣ್ಣದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿ.